ಮೊದಲು ಕುಂಟಿದ್ದು

ಮಾಲೂರು
12-10-1983

ಮಾತೃಸಮಾನಳಾದ ಅಕ್ಕ ಮುನಿಯಲ್ಲಮ್ಮನಿಗೆ ತಮ್ಮ ಕದಿರಪ್ಪ ಮಾಡುವ ನಮಸ್ಕಾರಗಳು. ಈ ಕಡೆ ಕ್ಷೇಮ. ಆ ಕಡೆಯ ಕ್ಷೇಮಕ್ಕೆ ಲಿಯಾಖತ್ ಸಾಬರ ಕೈಲಿ ಬರೆಸುವುದು.

ನಿನಗೆ ನಗು ಬರುವ ಸುದ್ದಿ ಒಂದಿದೆ. ದನದ ಆಸ್ಪತ್ರೆಯಲ್ಲಿ ಸ್ಟಾಕ್‌ಮನ್ ಆಗಿ ಸೇರಿ ನಾಲ್ಕು ವರ್ಷ ಹಸು ಎಮ್ಮೆಗಳ ಬಾಯಿ ನೋಡಿದ್ದಾಯಿತು. ಈಗ ಸಾಹೇಬರು ನನ್ನನ್ನು ಹಂದಿಗೆ ಹಾಕಿದ್ದಾರೆ. ಕಾಲುಬಾಯಿ ಜ್ವರ ಹಂದಿಗಳಲ್ಲಿ ಎಲ್ಲಿ, ಯಾವಾಗ ಕಾಣಿಸಿಕೊಳ್ಳುತ್ತದೆ ಎಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲೂ ತಿಂಗಳು ತಿಂಗಳು ತಪಾಸಣೆ ಮಾಡಿ ವರದಿ ಬರೆಯಬೇಕು. ಕಛೇರಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಒಬ್ಬರಿಗೆ ಮಡಿ, ಒಬ್ಬರಿಗೆ ವಾಸನೆ, ಇನ್ನೊಬ್ಬರಿಗೆ ಅವತ್ತೇ ಸೊಂಟನೋವು. ಸಾಹೇಬರು ನನ್ನ ಸರ್ವಿಸ್ ಪುಸ್ತಕ ತೆರೆದು ನೋಡಿ ನನ್ನ ಹೆಸರು ಬರೆದರು. ನಮ್ಮ ಕುಲ ಆ ಪುಸ್ತಕದಲ್ಲಿ ಮಾತ್ರ ಇದೆ, ಇಲ್ಲಿ ಯಾರ ಬಾಯಲ್ಲೂ ಇಲ್ಲ.

ಹೆತ್ತ ನಾಯನ ತೀರಿಕೊಂಡ ಮೇಲೆ ಅವನು ಬಿಟ್ಟುಹೋದ ಹಂದಿಗಳನ್ನೂ ನನ್ನನ್ನೂ ಒಟ್ಟಿಗೆ ಸಾಕಿದವಳು ನೀನು. ನಿನಗೆ ನಾನು ಹೇಳಿಕೊಡುವುದು ಅಧಿಕಪ್ರಸಂಗವೇ ಸರಿ. ಆದರೂ ಕೇಳು. ನೀವು ಗಾಳಿಕುಂಟು ಅನ್ನುವ ಈ ರೋಗ ಬಂದರೆ ಹಸು ಜೊಲ್ಲು ಸುರಿಸುತ್ತದೆ, ಯಾರಿಗಾದರೂ ಕಾಣುತ್ತದೆ. ಹಂದಿ ಜೊಲ್ಲು ಸುರಿಸುವುದು ಕಡಿಮೆ. ಅದಕ್ಕೆ ಮೊದಲು ಕಾಲು ಹೋಗುತ್ತದೆ. ಗೊರಸಿನ ಸಂದಿಯಲ್ಲಿ, ಮೂತಿಯ ಮೇಲೆ ಬೊಕ್ಕೆ ಏಳುತ್ತದೆ. ಒಂದು ಕುಂಟಿದರೂ ಅವತ್ತೇ ಮುಳಬಾಗಿಲಿಗೆ ಹೋಗಿ ಅಲ್ಲಿನ ಕಾಂಪೌಂಡರಿಗೆ ಹೇಳಿ ಹೆಬ್ಬೆಟ್ಟು ಒತ್ತಿ ಬಾ. ಮುಚ್ಚಿಡುವವರಿಂದಲೇ ಈ ರೋಗ ಊರೂರು ತಿರುಗುವುದು. ಮೊದಲು ಹೇಳಿದವರಿಗೆ ಕೇಡಿಲ್ಲ. ಎಷ್ಟು ಹಂದಿ, ಎಷ್ಟು ಕುಂಟು, ಎಷ್ಟು ಸತ್ತವು ಎಂದು ನನಗೂ ತಿಂಗಳಿಗೊಂದು ಕಾಗದ ಹಾಕಿಸು.

ಕಾರ್ಡು ಬೇಡ, ಇನ್‌ಲ್ಯಾಂಡಿನಲ್ಲೇ ಬರೆಸು. ಕಾರ್ಡು ಮಳೆಯಲ್ಲಿ ನೆನೆದರೆ ಅಕ್ಷರ ಹೋಗುತ್ತದೆ. ದೀಪಾವಳಿಗೆ ರಜೆ ಸಿಗುವುದಿಲ್ಲ. ನೀನೂ ಬಸ್ಸು ಬದಲಾಯಿಸಿಕೊಂಡು ಇಲ್ಲಿಯವರೆಗೆ ಬರುವ ಕಷ್ಟ ಪಡಬೇಡ.

ಇಂತಿ ನಿನ್ನ ತಮ್ಮ
ಕದಿರಪ್ಪ


ತಾಯಲೂರು, ಕೆರೆಕೋಡಿ
2-11-1983

ಚಿರಂಜೀವಿ ತಮ್ಮ ಕದಿರಪ್ಪನಿಗೆ ಅಕ್ಕ ಮುನಿಯಲ್ಲಮ್ಮನ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಾವೆಲ್ಲ ಅಂದರೆ ನಾನು ಮತ್ತು ಜೀವಗಳು.

ಜೀವ ಅಂದರೆ ಏನು ಅಂತ ನೀನು ತಲೆ ಕೆರೆದುಕೊಳ್ಳುತ್ತಿರಬೇಕು. ಸಾಬರು ಬಸ್‌ಸ್ಟಾಂಡಿನಲ್ಲಿ ಪಾತ್ರೆಗೆ ಕಲಾಯಿ ಹಾಕುವುದನ್ನು ಬಿಟ್ಟು, ಕೈ ತೊಳೆದು ಬಂದು ಬರೆಯಲು ಕೂತರು. ಮೊದಲನೇ ಸಾಲಿಗೇ ಪೆನ್ನು ಎತ್ತಿದರು. "ಮುನಿಯಲ್ಲಮ್ಮ, ನಿನ್ನ ಕಾಗದ ಎಷ್ಟು ಬೇಕಾದ್ರೂ ಬರ್ಕೊಡ್ತೀನಿ. ಆ ಹೆಸರು ಒಂದು ಮಾತ್ರ ನನ್ನ ಕೈಲಿ ಬರ್ಸಬೇಡಮ್ಮ" ಅಂದರು. ಮತ್ತೆ ಏನಂತ ಬರೆಯುತ್ತೀರಿ ಅಂದೆ. ಜೀವ ಅಂತ ಬರೆಯುತ್ತೀನಿ, ಅದೂ ಜೀವವೇ ಅಲ್ಲವಾ ಅಂದರು. ಅವರ ಹೆಂಡತಿ ಅಮೀನಾಬೀಗೂ ಅದೇ ಒಪ್ಪಿಗೆಯಾಯಿತು. ಹಾಗೇ ಇರಲಿ.

ನಿನ್ನ ಸುದ್ದಿ ಕೇಳಿ ನಾನು ನಕ್ಕಿದ್ದೂ ನಕ್ಕಿದ್ದೇ. ಮ್ಯಾಟ್ರಿಕ್ ಓದಿಸಿ, ಪ್ಯಾಂಟು ಹಾಕಿಸಿ, ಇದರಿಂದ ತಪ್ಪಿಸಿಕೋ ಅಂತ ಕಳಿಸಿದರೆ ಸರ್ಕಾರ ತಿರುಗಿಸಿ ಅಲ್ಲಿಗೇ ತಂದು ಬಿಟ್ಟಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಕಣೋ. ನಿನ್ನ ಹೈಸ್ಕೂಲು ನಡೆದದ್ದು ಆ ಕರಿ ತಾಯಿಯ ಮರಿಗಳಿಂದ. ಅದರ ಮೊಮ್ಮಗಳು ಈಗ ಒಂಬತ್ತು ಮರಿ ಹಾಕಿದೆ. ತಪಾಸಣೆಗೆ ಅಂತ ಬಂದಾಗ ಅದಕ್ಕೊಂದು ನಮಸ್ಕಾರ ಹಾಕಿ ಹೋಗು, ದೊಡ್ಡವನಾದೆ ಅಂತ ಮರೆಯಬೇಡ.

ನಾಡಿದ್ದು ಹಬ್ಬ. ನೀನು ಬರುವುದಿಲ್ಲ ಅಂದಮೇಲೆ ನಾನು ಕಜ್ಜಾಯ ಯಾರಿಗೆ ಸುಡಲಿ. ಹೋದ ವರ್ಷವೂ ರಜೆ ಇರಲಿಲ್ಲ, ಅದರ ಹಿಂದಿನ ವರ್ಷವೂ ಇರಲಿಲ್ಲ. ನಿಮ್ಮ ಕಛೇರಿಯಲ್ಲಿ ಬೇರೆ ಯಾರಿಗೂ ಅಕ್ಕತಂಗಿಯರು ಇಲ್ಲವಾ.

ನೀನು ಕೇಳಿದ್ದು: ದೊಡ್ಡ ಜೀವ ಹದಿನಾಲ್ಕು. ಮರಿ ಒಂಬತ್ತು. ಕುಂಟು ಇಲ್ಲ. ಸತ್ತದ್ದು ಇಲ್ಲ.

ಮುನಿಯಲ್ಲಮ್ಮ
(ಬರೆದದ್ದು ಲಿಯಾಖತ್. ಸಲಾಂ. ನಿಮ್ಮ ಅಕ್ಕ ನಗುವ ಹೆಂಗಸು, ಆದರೆ ಹಬ್ಬದ ಸಾಲು ಹೇಳುವಾಗ ನಗಲಿಲ್ಲ.)


ಮಾಲೂರು
20-11-1983

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಲೆಕ್ಕ ತಲುಪಿತು. ನಾಲ್ಕು ತಾಲ್ಲೂಕಿನಲ್ಲಿ ಹೇಳಿದ ಹಾಗೆ ಬರೆದು ಕಳಿಸಿದವಳು ನೀನೊಬ್ಬಳೇ. ಮಾಸ್ತಿ ಕಡೆ ಹೋದರೆ ನನ್ನ ಸೈಕಲ್ ಕಂಡ ತಕ್ಷಣ ಹಂದಿಗಳನ್ನು ಪೊದೆಗೆ ಅಟ್ಟಿಬಿಡುತ್ತಾರೆ. ಸರ್ಕಾರದವರು ಬಂದರೆ ಹಿಡಿದು ಸಾಯಿಸುತ್ತಾರೆ ಎಂದು ಭಯ. ಎಷ್ಟು ತಿಳಿಹೇಳಿದರೂ ನಂಬುವುದಿಲ್ಲ. ಓದಿಲ್ಲದ ಜನಕ್ಕೆ ಏನು ಹೇಳುವುದು.

ಹಬ್ಬದ ದಿನ ಮನೆಯ ಮಾಲೀಕರು ವೆಂಕಟರಾಯಪ್ಪನವರು ಒಳಗೆ ಕರೆದು ಎಲೆ ಹಾಕಿ ಬಡಿಸಿದರು. ಇಟ್ಟಿಗೆ ಗೂಡು ಇಟ್ಟಿರುವ ದೊಡ್ಡ ಜನ. ಈ ಬೀದಿಯಲ್ಲಿ ಬಾಡಿಗೆಗೆ ಮನೆ ಸಿಗುವುದೇ ಕಷ್ಟ, ಅಂಥದ್ದರಲ್ಲಿ ಮಗನ ಹಾಗೆ ನೋಡಿಕೊಳ್ಳುತ್ತಾರೆ. ನಿನ್ನ ವಿಚಾರ ಕೇಳಿದರು. ಅಕ್ಕ ಒಬ್ಬಳೇ ದುಡಿದು ನನ್ನನ್ನು ಓದಿಸಿದಳು ಎಂದು ಎಲ್ಲ ಹೇಳಿದೆ. ಅವರ ಮನೆಯವರು ಶ್ಯಾಮಲಮ್ಮನವರು ಕಣ್ಣಲ್ಲಿ ನೀರು ಹಾಕಿಕೊಂಡರು.

ಇಲ್ಲಿ ಚಳಿ ಹೆಚ್ಚಾಗಿದೆ. ನೀನು ಕಂಬಳಿ ಹೊದ್ದು ಮಲಗು. ಮುಂದಿನ ತಿಂಗಳ ಲೆಕ್ಕ ತಪ್ಪಿಸಬೇಡ.

ಕದಿರಪ್ಪ


ತಾಯಲೂರು, ಕೆರೆಕೋಡಿ
14-12-1983

ತಮ್ಮ ಕದಿರಪ್ಪನಿಗೆ ಆಶೀರ್ವಾದ.

ಮೊದಲು ಸಂತೋಷದ ಮಾತು. ನಿನ್ನ ಮಾಲೀಕರ ಮನೆಯಲ್ಲಿ ನನ್ನ ವಿಚಾರ ಎಲ್ಲ ಹೇಳಿದ್ದೀಯಲ್ಲ, ಅವರು ಕೇಳಿ ಕಣ್ಣೀರು ಹಾಕಿದರಲ್ಲ, ಆ ಸಾಲನ್ನು ಸಾಬರ ಕೈಲಿ ಮೂರು ಸಲ ಓದಿಸಿದೆ. ನಾನು ಮನಸ್ಸಿನಲ್ಲಿ ಏನೇನೋ ಅಂದುಕೊಂಡಿದ್ದೆ. ಇವನು ನಮ್ಮನ್ನು ಮುಚ್ಚಿಡುತ್ತಾನೆ, ಅದಕ್ಕೇ ಬಾ ಅನ್ನುವುದಿಲ್ಲ, ಬರುತ್ತೀನಿ ಅನ್ನುವುದಿಲ್ಲ ಅಂತ. ನನ್ನ ಬಾಯಿಗೆ ಮಣ್ಣು ಹಾಕ. ನಿನ್ನ ಮೇಲೆ ಸಂಶಯ ಪಟ್ಟದ್ದಕ್ಕೆ ಮುತ್ಯಾಲಮ್ಮನ ಗುಡಿಗೆ ಹೋಗಿ ಕೆನ್ನೆ ಬಡಿದುಕೊಂಡು ಬಂದೆ. ಸಂಕ್ರಾಂತಿಗೆ ಒಂದು ಜೀವ ಕೊಯ್ಯುತ್ತೇನೆ. ಅದರ ಒಂದು ತೊಡೆ ನಿನ್ನ ಮಾಲೀಕರ ಮನೆಗೆ. ಅಷ್ಟು ಮಾಡಿದವರಿಗೆ ಬರಿಗೈಲಿ ಇರಬಾರದು. ಬಸ್ಸಿನ ಕಂಡಕ್ಟರ್ ಪರಿಚಯದವನು, ಬುಟ್ಟಿಯಲ್ಲಿಟ್ಟು ಕಳಿಸುತ್ತೀನಿ.

ಇನ್ನೊಂದು ಆಶ್ಚರ್ಯ ಕೇಳು. ಹಾಲಿನ ಸಂಘದ ಅಧ್ಯಕ್ಷ ದೊಡ್ಡಮುನಿಯಪ್ಪ, ನನ್ನ ನೆರಳು ಬಿದ್ದರೆ ಬಾವಿಗೆ ಇಳಿದು ಮುಳುಗುವ ಮನುಷ್ಯ, ಈಗ ದಿನಾ ಎರಡು ಬಿಂದಿಗೆ ಹಾಲು ನನ್ನ ಮರಿಗಳಿಗೆ ಕೊಡುತ್ತಿದ್ದಾನೆ. ಪುಂಗನೂರು ಕಡೆಯ ಸಂತೆಯಿಂದ ಒಂದು ಸೀಮೆಹಸು ತಂದ. ತಂದ ನಾಲ್ಕು ದಿನಕ್ಕೆ ಅದು ಕಾಲು ಎತ್ತಿ ಎತ್ತಿ ಇಡುತ್ತಾ ಇತ್ತು. ಕೊಟ್ಟಿಗೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ಅಮ್ಮ ಬಂದಿದ್ದಾಳೆ, ಹೆಸರು ಎತ್ತಬಾರದು ಅನ್ನುತ್ತಾರೆ. ಆ ಹಾಲನ್ನು ಸಂಘಕ್ಕೆ ಹಾಕಿದರೆ ಹಾಲಿನ ವ್ಯಾನಿನವರು ಊರ ಹಾಲನ್ನೇ ನಿಲ್ಲಿಸುತ್ತಾರಂತೆ. ಚೆಲ್ಲಿದರೆ ಊರಿಗೆ ಗೊತ್ತಾಗುತ್ತದಂತೆ. ಅದಕ್ಕೆ ನಾನೇ ಬೇಕಾಯಿತು. "ಯಾರತ್ರಾನೂ ಅನ್ಬೇಡಮ್ಮಿ, ನಿನ್ನ ಮರಿಗಳು ಚೆನ್ನಾಗಿ ಬೆಳೀತಾವೆ" ಅಂದ. ನಾನು ಯಾರಿಗೆ ಹೇಳಲಿ. ನಿನಗೆ ಒಬ್ಬನಿಗೆ ಹೇಳಿದ್ದೀನಿ.

ಮರಿಗಳು ಹೊಟ್ಟೆ ಗುಂಡಗೆ ಮಾಡಿಕೊಂಡು ಮಲಗಿವೆ, ನೋಡುವುದಕ್ಕೆ ಎರಡು ಕಣ್ಣು ಸಾಲದು.

ದೊಡ್ಡವು ಹದಿನಾಲ್ಕು. ಮರಿ ಒಂಬತ್ತು. ಕುಂಟು ಇಲ್ಲ. ಸತ್ತದ್ದು ಇಲ್ಲ.

ಮುನಿಯಲ್ಲಮ್ಮ


ಮಾಲೂರು
19-12-1983

ಅಕ್ಕನಿಗೆ.

ನಿನ್ನ ಕಾಗದ ಈಗ ತಾನೇ ಬಂತು, ತಕ್ಷಣ ಬರೆಯುತ್ತಿದ್ದೇನೆ. ಮಾಂಸ ಗೀಂಸ ಏನೂ ಕಳಿಸಬೇಡ. ದಯವಿಟ್ಟು ಕಳಿಸಬೇಡ. ವೆಂಕಟರಾಯಪ್ಪನವರ ಮನೆಯಲ್ಲಿ ಮೊಟ್ಟೆಯನ್ನೂ ಹೊಸ್ತಿಲೊಳಗೆ ತರುವುದಿಲ್ಲ. ಬುಟ್ಟಿ ಬಸ್ಸಿನಲ್ಲಿ ಬಂದರೆ, ಅದನ್ನು ಬೀದಿಯಲ್ಲಿ ಯಾರಾದರೂ ತೆರೆದು ನೋಡಿದರೆ, ನಾನು ಅವತ್ತೇ ಮನೆ ಬಿಡಬೇಕಾಗುತ್ತದೆ. ಕಂಡಕ್ಟರ್ ಹತ್ತಿರ ನನ್ನ ಹೆಸರು, ಕಛೇರಿ ಹೇಳಿದ್ದೀಯಾ? ಹೇಳಿದ್ದರೆ ಬೇಡ ಎಂದು ಮತ್ತೆ ಹೇಳು. ಇನ್ನು ಮುಂದೆ ಯಾರ ಹತ್ತಿರವೂ ಹೇಳಬೇಡ.

ನಾನು ಅವರಿಗೆ ಎಲ್ಲ ಹೇಳಿದ್ದೇನೆ ಎಂದರೆ ಹೇಳಬೇಕಾದಷ್ಟು ಹೇಳಿದ್ದೇನೆ. ನೀನು ಹೊಲ ಮಾಡುತ್ತೀಯ, ರಾಗಿ ಬೆಳೆಯುತ್ತೀಯ ಎಂದು ಅವರು ತಿಳಿದುಕೊಂಡಿದ್ದಾರೆ. ತಪ್ಪು ತಿಳಿಯಬೇಡ. ಊರಲ್ಲಿ ಇರುವವರಿಗೆ ಪಟ್ಟಣದ ಕಷ್ಟ ಗೊತ್ತಾಗುವುದಿಲ್ಲ.

ಮರಿಗಳಿಗೆ ಹಾಲು ಸಿಗುತ್ತಿದೆ ಎಂದರೆ ಒಳ್ಳೆಯದೇ. ಲೆಕ್ಕ ಬರೆದುಕೊಂಡಿದ್ದೇನೆ.

ಕದಿರಪ್ಪ


ತಾಯಲೂರು, ಕೆರೆಕೋಡಿ
28-12-1983

ತಮ್ಮನಿಗೆ.

ಮಾಂಸ ಕಳಿಸುವುದಿಲ್ಲ. ಹೆದರಬೇಡ. ನಾನು ರಾಗಿ ಬೆಳೆಯುವವಳು ಅಂತ ಸಾಬರು ಓದಿದಾಗ ಅವರಿಗೇ ಸಂಕಟವಾಗಿ ಪೆನ್ನು ಕ್ಯಾಪು ಹಾಕಿ ತೆಗೆದು ಮಾಡಿದರು. ಆ ಮಾತು ಇನ್ನೊಂದು ದಿನ ಆಡೋಣ. ಇವತ್ತು ಬೇರೆ ಇದೆ.

ಹೋದ ಗುರುವಾರ ಬೆಳಿಗ್ಗೆ ಮರಿಗಳು ತಾಯಿಯ ಮೊಲೆ ಚೀಪುತ್ತಾ ಇದ್ದವು. ಚೀಪುತ್ತಾ ಇದ್ದ ಹಾಗೇ ಒಂದು ಪಕ್ಕಕ್ಕೆ ಒರಗಿತು. ನಿದ್ದೆ ಅಂದುಕೊಂಡೆ. ಮುಟ್ಟಿದರೆ ಪ್ರಾಣ ಇಲ್ಲ. ಮಧ್ಯಾಹ್ನದೊಳಗೆ ಆರು ಹೋದವು, ಮಾರನೆಯ ದಿನ ಮೂರು. ಕುಂಟಲಿಲ್ಲ, ಕೂಗಲಿಲ್ಲ. ದೊಡ್ಡವು ಈಗ ಮಂಡಿಯ ಮೇಲೆ ನಡೆಯುತ್ತಿವೆ. ಗೊರಸಿನ ಸಂದಿಯಲ್ಲಿ ಬೊಕ್ಕೆ, ಮೂತಿಯ ಮೇಲೆ ಬೊಕ್ಕೆ, ನೀನು ಬರೆದಿದ್ದ ಹಾಗೇ.

ನೀನು ಹೇಳಿದ್ದನ್ನು ಮರೆಯಲಿಲ್ಲ. ಶುಕ್ರವಾರವೇ ಮುಳಬಾಗಿಲಿಗೆ ಹೋದೆ. ಕಾಂಪೌಂಡರ್ ದೊಡ್ಡ ಪುಸ್ತಕದಲ್ಲಿ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದ. ಈ ಸುತ್ತಿನಲ್ಲಿ ಬಂದು ಹೇಳಿದವಳು ನೀನೇ ಮೊದಲು ಅಂದ. ನನಗೆ ಒಂದು ಥರಾ ಹೆಮ್ಮೆಯೂ ಆಯಿತು. ನನ್ನ ತಮ್ಮ ಇದೇ ಕೆಲಸದಲ್ಲಿದ್ದಾನೆ ಅಂತ ನಾಲಿಗೆ ತುದಿವರೆಗೆ ಬಂತು. ನಿನ್ನ ಕಾಗದ ನೆನಪಾಗಿ ನುಂಗಿಕೊಂಡೆ.

ಊರಲ್ಲಿ ಈಗ ಎಂಟು ಹತ್ತು ಕೊಟ್ಟಿಗೆಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ಯಾರೂ ಮುಳಬಾಗಿಲಿಗೆ ಹೋಗಿಲ್ಲ. ಗೊರಸಿಗೆ ಹೊಂಗೆಎಣ್ಣೆ ಹಚ್ಚಿ ಬಾಯಿ ಮುಚ್ಚಿಕೊಂಡಿದ್ದಾರೆ.

ದೊಡ್ಡವು ಹದಿನಾಲ್ಕು. ಕುಂಟು ಹದಿನಾಲ್ಕು. ಮರಿ ಇಲ್ಲ.

ನೀನು ಒಂದು ಸಲ ಬಂದು ಹೋಗು ಕದಿರ.

ಮುನಿಯಲ್ಲಮ್ಮ


ಮಾಲೂರು
5-1-1984

ಅಕ್ಕನಿಗೆ ನಮಸ್ಕಾರಗಳು.

ಮರಿಗಳ ವಿಷಯ ತಿಳಿದು ಬಹಳ ದುಃಖವಾಯಿತು. ಈ ರೋಗ ಮರಿಗಳಿಗೆ ಕಾಲಿಗೆ ಬರುವ ಮೊದಲೇ ಎದೆಗೆ ಬರುತ್ತದೆ. ಅದಕ್ಕೆ ಮದ್ದಿಲ್ಲ. ದೊಡ್ಡವು ಉಳಿಯುತ್ತವೆ. ವಾಷಿಂಗ್ ಸೋಡಾ ನೀರಿನಲ್ಲಿ ನೆಲ ತೊಳೆ, ಗೊರಸು ತೊಳೆ. ಒಣಗಿದ ಹುಲ್ಲು ಹಾಸು. ಹೊರಗೆ ಬಿಡಬೇಡ.

ಮೊದಲು ಹೇಳಿದ್ದು ಒಳ್ಳೆಯ ಕೆಲಸ.

ಮುಂದಿನ ವಾರ ಸಾಹೇಬರ ಜೊತೆ ಜೀಪಿನಲ್ಲಿ ನಿಮ್ಮೂರಿಗೆ ತಪಾಸಣೆಗೆ ಬರುತ್ತೇನೆ. ಕೆಲಸದ ಮೇಲೆ ಬರುವುದು. ಊಟ ಅದು ಇದು ಎಂದು ಏರ್ಪಾಡು ಮಾಡಬೇಡ. ಕೇಳಿದ್ದಕ್ಕೆ ಉತ್ತರ ಹೇಳಿದರೆ ಸಾಕು.

ಕದಿರಪ್ಪ


ತಾಯಲೂರು, ಕೆರೆಕೋಡಿ
22-1-1984

ಕದಿರಪ್ಪನಿಗೆ.

ನೀನು ಬಂದು ಹೋಗಿ ಹತ್ತು ದಿನವಾಯಿತು. ನಡೆದದ್ದನ್ನು ನಿನಗೇ ಬರೆಸುತ್ತೀನಿ. ನೀನು ಅಲ್ಲೇ ಇದ್ದೆ, ಆದರೂ ಬರೆಸುತ್ತೀನಿ.

ಜೀಪು ಕೋಡಿ ಹತ್ತಿರ ನಿಂತಿತು. ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ಕೂತೇ ಇದ್ದರು. ನೀನು ಪುಸ್ತಕ ಹಿಡಿದು ಇಳಿದೆ. ಮೂರು ವರ್ಷದ ಮೇಲೆ ನೋಡುತ್ತಿದ್ದೀನಿ, ಸ್ವಲ್ಪ ಮೈ ತುಂಬಿಕೊಂಡಿದ್ದೀಯ, ಅಷ್ಟೇ ಕಂಡಿತು ನನಗೆ. ನೀನು ಪುಸ್ತಕದಿಂದ ತಲೆ ಎತ್ತಲಿಲ್ಲ.

"ಏನಮ್ಮ ನಿನ್ನ ಹೆಸರು?" ಅಂದೆ.

ಹೇಳಿದೆ.

"ತಂದೆ ಹೆಸರು?"

ಅದಕ್ಕೂ ಹೇಳಿದೆ, ಪೆದ್ದಪ್ಪ ಅಂತ. ಅದನ್ನು ಬರೆಯುವಾಗಲಾದರೂ ನಿನ್ನ ಕೈ ನಿಲ್ಲುತ್ತೆ ಅಂತ ನೋಡುತ್ತಾ ಇದ್ದೆ. ನಿಲ್ಲಲಿಲ್ಲ. ಸಾಹೇಬರು ಜೀಪಿನಿಂದಲೇ ಮನೆಯಲ್ಲಿ ಗಂಡಸರು ಯಾರೂ ಇಲ್ಲವಾ ಅಂತ ಕೇಳಿದರು. ಒಬ್ಬ ತಮ್ಮ ಇದ್ದಾನೆ ಸ್ವಾಮಿ, ದೂರದಲ್ಲಿ ಕೆಲಸ ಅಂದೆ. ಅದನ್ನೂ ನೀನೇ ಬರೆದುಕೊಂಡೆ.

ಆಮೇಲೆ ದೊಡ್ಡಮುನಿಯಪ್ಪನನ್ನು ಕರೆಸಿದಿರಿ. ಅವನು ನಮ್ಮ ರಾಸುಗಳಿಗೆಲ್ಲ ಇವಳ ಜೀವಗಳಿಂದ ಅಂಟಿದ್ದು, ಹೋದ ವಾರವಷ್ಟೇ ಶುರುವಾಯಿತು ಅಂದ. ನಾನು, ಅಲ್ಲ ಸ್ವಾಮಿ, ಅವರ ಸೀಮೆಹಸು ಮೊದಲು ಅಂತ ಬಾಯಿ ತೆಗೆದೆ. "ನಿನ್ನನ್ನ ಕೇಳಿದಾಗ ಹೇಳು" ಅಂತ ಗದರಿದೆಯಲ್ಲ, ಆ ಗಂಟಲು ನಮ್ಮ ನಾಯನ ಗಂಟಲೇ. ಅಷ್ಟು ಹೋಲುತ್ತದೆ ಅಂತ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ಬೇಡ ಅಂದಿದ್ದರೂ ಮುದ್ದೆ, ಹುರಳಿ ಸಾರು ಮಾಡಿಟ್ಟಿದ್ದೆ. ಸಾಬರ ಮನೆಗೆ ಕೊಟ್ಟೆ.

ಇದೆಲ್ಲ ಹೋಗಲಿ. ನಿನಗೆ ನಿನ್ನ ಮರ್ಯಾದೆ ಇದೆ, ಮನೆ ಇದೆ, ನಾನು ಅರ್ಥ ಮಾಡಿಕೊಳ್ಳುತ್ತೀನಿ. ಈಗ ಬಂದಿರುವುದು ಬೇರೆ. ಹಾಲಿನ ಸಂಘದ ಬೋರ್ಡಿಗೆ ನಿಮ್ಮ ಕಛೇರಿಯ ಕಾಗದ ಅಂಟಿಸಿದ್ದಾರೆ. ಕೆರೆಕೋಡಿಯ ಮುನಿಯಲ್ಲಮ್ಮನ ಜೀವಗಳಲ್ಲಿ ರೋಗ ಮೊದಲು ಕಾಣಿಸಿಕೊಂಡು ಊರ ರಾಸುಗಳಿಗೆ ಹರಡಿದೆ ಅಂತ ಇದೆಯಂತೆ. ಕೆಳಗೆ ನಿನ್ನ ರುಜು. ವ್ಯಾನಿನವರು ಊರ ಹಾಲು ನಿಲ್ಲಿಸಿದ್ದಾರೆ. ಮನೆಮನೆಯಲ್ಲೂ ಕರು ಸಾಯುತ್ತಿವೆ. ಕರು ಸತ್ತ ಹೆಂಗಸರು ಬಂದು ನನ್ನ ಗುಡಿಸಲ ಮುಂದೆ ಮಣ್ಣು ತೂರಿ ಹೋಗುತ್ತಾರೆ, ನಾನು ಏನು ಹೇಳಲಿ. ಎಂಟು ದಿನದಲ್ಲಿ ಜಾಗ ಖಾಲಿ ಮಾಡು, ಇಲ್ಲದಿದ್ದರೆ ನಾವೇ ಮಾಡಿಸುತ್ತೀವಿ ಅಂತ ದೊಡ್ಡಮುನಿಯಪ್ಪ ಹೇಳಿ ಕಳಿಸಿದ್ದಾನೆ. ಕಾಲು ಬಾರದ ಹದಿನಾಲ್ಕು ಜೀವ ಹೊಡೆದುಕೊಂಡು ನಾನು ಎಲ್ಲಿಗೆ ಹೋಗಲಿ.

ಒಂದೇ ಒಂದು ಕೇಳುತ್ತೀನಿ. ಡಿಸೆಂಬರ್ ಹದಿನಾಲ್ಕರ ನನ್ನ ಕಾಗದ ನಿನ್ನ ಹತ್ತಿರ ಇದೆ. ಸೀಮೆಹಸು ಕುಂಟಿದ್ದು, ಅದರ ಹಾಲು ನನ್ನ ಮರಿಗಳಿಗೆ ಹಾಕಿಸಿದ್ದು ಎಲ್ಲ ಅದರಲ್ಲಿದೆ. ಅವತ್ತು ನನ್ನದು ಒಂದೂ ಕುಂಟಿರಲಿಲ್ಲ, ಅದೂ ಇದೆ. ಮೇಲೆ ಅಂಚೆ ಮುದ್ರೆಯ ತಾರೀಕು ಇರುತ್ತೆ, ಅದನ್ನ ಯಾರೂ ಸುಳ್ಳು ಅನ್ನೋದಕ್ಕಾಗಲ್ಲ ಅಂತ ಸಾಬರು ಹೇಳುತ್ತಾರೆ. ಆ ಕಾಗದವನ್ನು ನಿನ್ನ ಸಾಹೇಬರ ಮುಂದೆ ಇಡು. ಬೇರೇನೂ ಬೇಡ.

ಮುನಿಯಲ್ಲಮ್ಮ


ಮಾಲೂರು
27-1-1984

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಓದಿ ಎರಡು ದಿನ ಕಛೇರಿಗೆ ಹೋಗಲಿಲ್ಲ. ಅವತ್ತು ಸಾಹೇಬರು ಪಕ್ಕದಲ್ಲೇ ಇದ್ದರು. ಕುಲ ಅವರಿಗೆ ಗೊತ್ತು, ಸ್ವಂತ ಅಕ್ಕನೇ ಇನ್ನೂ ಹಂದಿ ಸಾಕುತ್ತಾಳೆ ಎಂಬುದು ಗೊತ್ತಿಲ್ಲ. ಜೀಪಿನ ಡ್ರೈವರು ಮಾಲೂರಿನವನು, ವೆಂಕಟರಾಯಪ್ಪನವರ ಗೂಡಿನ ಲಾರಿ ಓಡಿಸಿದವನು. ಅವನ ಬಾಯಿಗೆ ಬಿದ್ದರೆ ಸಂಜೆಯೊಳಗೆ ಇಡೀ ಬೀದಿಗೆ ತಿಳಿಯುತ್ತದೆ. ನೀನು ಬುದ್ಧಿವಂತೆ, ಹೆಚ್ಚು ಹೇಳಬೇಕಾಗಿಲ್ಲ.

ನೀನು ಕೇಳಿದ ಕಾಗದ ಹುಡುಕಿದೆ. ಸಿಗಲಿಲ್ಲ. ಹಬ್ಬಕ್ಕೆ ಸುಣ್ಣ ಹೊಡೆಸುವಾಗ ಹೋಗಿರಬೇಕು.

ಸಿಕ್ಕಿದ್ದರೂ ಪ್ರಯೋಜನ ಕಡಿಮೆ. ಕಛೇರಿಯ ಪದ್ಧತಿ ಹಾಗಿದೆ. ಯಾರ ಹೆಬ್ಬೆಟ್ಟಿನ ತಾರೀಕು ಮೊದಲೋ ಅವರ ಮನೆಯ ರೋಗವೇ ಮೊದಲು. ದೊಡ್ಡಮುನಿಯಪ್ಪ ಹೇಳಿಕೆ ಕೊಟ್ಟದ್ದು ಜನವರಿಯಲ್ಲಿ, ನಿನ್ನ ಹೆಬ್ಬೆಟ್ಟು ಡಿಸೆಂಬರಿನಲ್ಲಿ. ವರದಿ ಮೇಲಕ್ಕೆ ಹೋಗಿಯಾಗಿದೆ. ಸರ್ಕಾರಿ ಕಾಗದಕ್ಕೆ ಒಮ್ಮೆ ಬಿದ್ದದ್ದನ್ನು ಅಳಿಸುವುದಕ್ಕೆ ಆಗುವುದಿಲ್ಲ.

ಸ್ವಲ್ಪ ದಿನ ಶ್ರೀನಿವಾಸಪುರದ ಚಿಕ್ಕಮ್ಮನ ಹತ್ತಿರ ಹೋಗಿರು. ಹಂದಿಗಳನ್ನು ಯಾರಿಗಾದರೂ ಒಪ್ಪಿಸು. ಜನ ಎರಡು ತಿಂಗಳಲ್ಲಿ ಮರೆಯುತ್ತಾರೆ.

ಕದಿರಪ್ಪ


ಮಾಲೂರು
9-2-1984

ಅಕ್ಕಾ,

ನಿನ್ನಿಂದ ಕಾಗದ ಇಲ್ಲ. ದಿನಾ ಅಂಚೆಯವನನ್ನು ಕೇಳುತ್ತಿದ್ದೇನೆ.

ಸುಳ್ಳು ಹೇಳಿದೆ. ಕಾಗದ ಹೋಗಿಲ್ಲ. ನನ್ನ ಟ್ರಂಕಿನಲ್ಲಿದೆ. ಹದಿನಾಲ್ಕನೇ ತಾರೀಕಿನದು, ತಾಯಲೂರಿನ ಮುದ್ರೆ ಸ್ಪಷ್ಟವಾಗಿದೆ. ಮೊದಲು ಬಂದಾಗ ಮಾಂಸದ ಸಾಲು ಓದಿ ತಲೆ ಕೆಟ್ಟು, ಹಾಲಿನ ವಿಷಯವನ್ನು ಕಣ್ಣು ಹಾಯಿಸಿ ಬಿಟ್ಟೆ. ನಾಲ್ಕು ತಾಲ್ಲೂಕಿಗೆ ಹಂದಿ ತಪಾಸಣೆ ಮಾಡುವವನು ನಾನು. ಕಾಲು ಎತ್ತಿ ಇಡುವ ಹಸು, ಬೇವಿನ ಸೊಪ್ಪು, ಆ ಹಾಲು ಮರಿಗಳ ಹೊಟ್ಟೆಗೆ. ಇದಕ್ಕಿಂತ ಬಿಡಿಸಿ ಯಾರು ಬರೆಯುತ್ತಾರೆ. ಅವತ್ತೇ ನಿಲ್ಲಿಸು ಎಂದು ಒಂದು ಸಾಲು ಬರೆದಿದ್ದರೆ ಕೆಲವು ಮರಿಗಳಾದರೂ ಉಳಿಯುತ್ತಿದ್ದವೋ ಏನೋ. ಒಳ್ಳೆಯದೇ ಎಂದು ಬರೆದೆ.

ವರದಿ ಬರೆಯುವಾಗ ಅದು ನನ್ನ ಮೇಜಿನ ಮೇಲೇ ಇತ್ತು ಅಕ್ಕಾ. ಅದನ್ನು ಲಗತ್ತಿಸಿದರೆ ಕೆಳಗಿನ ಹೆಸರೂ ಮೇಲಿನ ಹೆಸರೂ ಸಾಹೇಬರು ಓದುತ್ತಾರೆ. ತಮ್ಮ ಕದಿರಪ್ಪನಿಗೆ ಎಂದು ಶುರುವಾಗುವ ಕಾಗದ ಅದು. ಮಡಿಚಿ ಒಳಗಿಟ್ಟು, ಮೊದಲ ಪ್ರಕರಣ ಹಂದಿ ಎಂದು ಬರೆದೆ.

ಸೋಮವಾರ ಸಾಹೇಬರಿಗೆ ತೋರಿಸುತ್ತೇನೆ. ಮನೆ ಹೋದರೆ ಹೋಗಲಿ. ನೀನು ಒಂದು ಸಾಲು ಬರೆಸು, ಬೈದಾದರೂ ಬರೆಸು.

ನಿನ್ನ ಕದಿರ


ಮಾಲೂರು
16-2-1984

ಅಕ್ಕಾ,

ಸೋಮವಾರ ಸಾಹೇಬರು ರಜೆಯಲ್ಲಿದ್ದರು. ಮಂಗಳವಾರ ಬಂದರು, ಆದರೆ ಮೇಲಿನವರು ಜೊತೆಗಿದ್ದರು. ಮುಂದಿನ ವಾರ ನೋಡಿಕೊಂಡು ಹೇಳುತ್ತೇನೆ. ಭಾನುವಾರ ನಾನೇ ಬರೋಣ ಎಂದಿದ್ದೆ. ಶ್ಯಾಮಲಮ್ಮನವರ ಮನೆಯಲ್ಲಿ ಪೂಜೆ ಇದೆ, ತಪ್ಪಿಸಿದರೆ ಏಕೆ ಎಂದು ಕೇಳುತ್ತಾರೆ.

ನಿನ್ನ ಕಾಗದಕ್ಕೆ ಕಾಯುತ್ತಿದ್ದೇನೆ.

ಕದಿರ


(ಪೋಸ್ಟ್ ಕಾರ್ಡ್)

ತಾಯಲೂರು
20-2-1984

ಮ॥ರಾ॥ಶ್ರೀ ಕದಿರಪ್ಪನವರು, ಸ್ಟಾಕ್‌ಮನ್, ದನದ ಆಸ್ಪತ್ರೆ, ಇವರಿಗೆ ತಾಯಲೂರು ಕೆರೆಕೋಡಿಯಲ್ಲಿ ಹಂದಿ ಸಾಕುತ್ತಿದ್ದ ಮುನಿಯಲ್ಲಮ್ಮ ಕೈಮುಗಿದು ಬರೆಸುವುದು.

ತಾವು ತಿಂಗಳು ತಿಂಗಳು ಕೇಳುತ್ತಿದ್ದ ಲೆಕ್ಕ ಇದು. ಹಂದಿ ಇಲ್ಲ. ಮರಿ ಇಲ್ಲ. ಕುಂಟು ಇಲ್ಲ. ಜನವರಿ ಮೂವತ್ತನೇ ತಾರೀಕು ಬೆಳಿಗ್ಗೆ ಊರಿನವರು ಬಂದು ಹದಿನಾಲ್ಕನ್ನೂ ಕೋಡಿಯ ಹಳ್ಳಕ್ಕೆ ಇಳಿಸಿ ದೊಣ್ಣೆಯಲ್ಲಿ ಹೊಡೆದರು. ನಡೆಯುವಷ್ಟು ವಾಸಿಯಾಗಿದ್ದವು, ಓಡುವಷ್ಟು ಆಗಿರಲಿಲ್ಲ. ಗುಡಿಸಲಿಗೆ ಬೆಂಕಿ ಇಟ್ಟರು. ಅವತ್ತು ಮಧ್ಯಾಹ್ನವೇ ತಮ್ಮ ಇಪ್ಪತ್ತೇಳನೇ ತಾರೀಕಿನ ಕಾಗದ ಬಂತು, ಓದಿಸಿ ಕೇಳಿದೆ. ಆಮೇಲಿನವು ಎರಡೂ ಬಂದವು. ಆ ಎರಡನ್ನು ಓದಿಸಲಿಲ್ಲ. ಒಲೆ ಇಲ್ಲದ್ದರಿಂದ ಸಾಬರ ಮನೆಯ ಒಲೆಗೆ ಕೊಟ್ಟೆ.

ಸಾಬರು ಈ ಸಲ ಹಂದಿ ಎಂದೇ ಬರೆದಿದ್ದಾರೆ. ಜೀವ ಎಂದು ಬರೆಯಲು ಈಗ ಏನು ಉಳಿದಿದೆ ಎಂದರು.

ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಆಳು ಬೇಕೆಂದು ಕರೆದರು. ಆ ಊರು ಬೇಡವೆಂದು ಶ್ರೀನಿವಾಸಪುರದ ಮಾವಿನ ತೋಪಿಗೆ ಕಾವಲಿಗೆ ಹೋಗುತ್ತಿದ್ದೇನೆ. ತಾವು ಧೈರ್ಯವಾಗಿರಬೇಕು. ಅದಕ್ಕೇ ಕಾರ್ಡಿನಲ್ಲಿ ಬರೆಸಿದ್ದೇನೆ, ಯಾರು ಓದಿದರೂ ತಮಗೆ ತೊಂದರೆ ಇಲ್ಲ. ಈಗ ಮಳೆಯೂ ಇಲ್ಲ.

ಮೊನ್ನೆ ಕಂದಾಯದ ಶೇಕದಾರರು ಬಂದು ಸುಟ್ಟ ಜಾಗ ನೋಡಿ ಹೇಳಿಕೆ ಬರೆದುಕೊಂಡರು. ಹೆಸರು ಕೇಳಿದರು, ತಂದೆ ಹೆಸರು ಕೇಳಿದರು. ನಿನ್ನವರು ಅಂತ ಸರ್ಕಾರದ ಕೆಲಸದಲ್ಲಿ ಯಾರಾದರೂ ಇದ್ದಾರೇನಮ್ಮ, ಒಡಹುಟ್ಟಿದವರು ಯಾರಾದರೂ, ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅದನ್ನೂ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದರು. ಸರ್ಕಾರಿ ಕಾಗದಕ್ಕೆ ಒಮ್ಮೆ ಬಿದ್ದದ್ದನ್ನು ಅಳಿಸುವುದಕ್ಕೆ ಆಗುವುದಿಲ್ಲವಂತೆ.